ಪ್ರಸರಣ ಮಾರ್ಗಗಳಲ್ಲಿ ಪ್ರತಿಫಲಿತ ತರಂಗಗಳು

ವಿದ್ಯುತ್ ತಂತಿ, ಕೇಬಲ್ ಅಥವಾ ಆಂಟೆನಾದ ಫೀಡರ್ ಮೂಲಕ ಸಾಗುವ ವೋಲ್ಟೇಜ್ ಮತ್ತು ಪ್ರವಾಹದ ತರಂಗವು, ಮಾರ್ಗದ ಗುಣ ಬದಲಾಗುವ ಸ್ಥಳವನ್ನು ತಲುಪಿದಾಗ ಅದರ ಒಂದು ಭಾಗ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹೀಗೆ ಹಿಂದಿರುಗುವ ಭಾಗವನ್ನು ಪ್ರತಿಫಲಿತ ತರಂಗ ಎನ್ನುತ್ತಾರೆ. ಮುಂದಕ್ಕೆ ಸಾಗುವ ಮುಮ್ಮುಖ ತರಂಗವೂ ಪ್ರತಿಫಲಿತ ತರಂಗವೂ ಒಂದೇ ಮಾರ್ಗದಲ್ಲಿ ಕೂಡಿಕೊಳ್ಳುವುದನ್ನು ವ್ಯತಿಕರಣ ಎನ್ನುತ್ತಾರೆ. ಅದರಿಂದ ಮಾರ್ಗದ ಕೆಲವು ಬಿಂದುಗಳಲ್ಲಿ ವೋಲ್ಟೇಜ್ ಹೆಚ್ಚಿ, ಕೆಲವು ಬಿಂದುಗಳಲ್ಲಿ ತಗ್ಗುವ ಸ್ಥಾಯೀ ತರಂಗ ಉಂಟಾಗುತ್ತದೆ. ಪ್ರತಿಫಲನವಾದ ವಿದ್ಯುತ್ತು ಅಷ್ಟೂ ನಷ್ಟವಾಯಿತು ಎಂಬ ಭಾವನೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಪ್ರತಿಫಲನವು ಶಕ್ತಿಯನ್ನು ನಾಶಮಾಡುವುದಿಲ್ಲ, ಅದರ ದಿಕ್ಕನ್ನು ಬದಲಿಸುತ್ತದೆ. ಅದರಿಂದ ಒದಗುವ ಹಾನಿ ಬಹುಪಾಲು ಅತಿವೋಲ್ಟೇಜಿನ ಹಾನಿಯಾಗಿರುತ್ತದೆ. ಕೊಪ್ಪಳ ಜಿಲ್ಲೆಯ ಮುನಿರಾಬಾದಿನಂತಹ ವಿದ್ಯುದಾಗಾರದ ಮಾರ್ಗಗಳಿಂದ ಹಿಡಿದು ಕುಷ್ಟಗಿ, ಯಲಬುರ್ಗಾ ಕಡೆಯ ಕೊಳವೆ ಬಾವಿಗಳ ಮೋಟಾರುಗಳವರೆಗೆ ಈ ವಿದ್ಯಮಾನದ ಬೇರೆ ಬೇರೆ ಮುಖಗಳನ್ನು ಕಾಣಬಹುದು.

ಮೂಲ ಪರಿಕಲ್ಪನೆ

ತುಂಗಭದ್ರಾ ಎಡದಂಡೆ ಕಾಲುವೆಯಂತಹ ಹರಿಯುವ ನೀರಿನ ಕಾಲುವೆಯಲ್ಲಿ ಒಂದು ಗೇಟನ್ನು ಥಟ್ಟನೆ ಮುಚ್ಚಿದರೆ ಗೇಟಿನ ಬಳಿ ನೀರಿನ ಮಟ್ಟ ಏರಿ, ಆ ಏರಿಕೆ ಒಂದು ಅಲೆಯಾಗಿ ಮೇಲ್ಮುಖವಾಗಿ ಸಾಗುತ್ತದೆ. ವಿದ್ಯುತ್ ಮಾರ್ಗದ ತುದಿ ತೆರೆದಿರುವಾಗ ನಡೆಯುವುದೂ ಇದೇ. ಪ್ರವಾಹಕ್ಕೆ ಮುಂದೆ ಹೋಗಲು ದಾರಿಯಿಲ್ಲದ ಕಾರಣ ಅಲ್ಲಿ ವೋಲ್ಟೇಜ್ ಏರುತ್ತದೆ ಮತ್ತು ಆ ಏರಿಕೆ ಹಿಂದಕ್ಕೆ ಸಾಗುತ್ತದೆ. ಹೋಲಿಕೆಗೆ ಒಂದು ಮಿತಿಯಿದೆ: ಕಾಲುವೆಯ ಅಲೆ ಸೆಕೆಂಡಿಗೆ ಕೆಲವೇ ಮೀಟರು ಚಲಿಸಿದರೆ, ಗಾಳಿಯಲ್ಲಿ ಎಳೆದ ತಂತಿಯ ಮೇಲಿನ ತರಂಗ ಬೆಳಕಿನ ವೇಗಕ್ಕೆ ಹತ್ತಿರವಾಗಿ, ಒಂದು ಮೈಕ್ರೋಸೆಕೆಂಡಿಗೆ ಸುಮಾರು 300 ಮೀಟರು ಚಲಿಸುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕೇಬಲಿನಲ್ಲಿ ಈ ವೇಗ ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡು ಭಾಗದಷ್ಟಕ್ಕೆ ಇಳಿಯುತ್ತದೆ.

ಒಂದೇ ದಿಕ್ಕಿನಲ್ಲಿ ಸಾಗುವ ತರಂಗದ ವೋಲ್ಟೇಜಿಗೂ ಪ್ರವಾಹಕ್ಕೂ ಇರುವ ಅನುಪಾತವನ್ನು ಆ ಮಾರ್ಗದ ಲಾಕ್ಷಣಿಕ ಇಂಪೀಡೆನ್ಸ್ ಎನ್ನುತ್ತಾರೆ. ತಂತಿಯ ದಪ್ಪ, ತಂತಿಗಳ ನಡುವಿನ ಅಂತರ ಮತ್ತು ಅವುಗಳ ನಡುವಿನ ವಸ್ತು ಇದನ್ನು ನಿರ್ಧರಿಸುತ್ತವೆ. ಮಾರ್ಗದ ಉದ್ದ ಎಷ್ಟೇ ಇದ್ದರೂ ಇದು ಬದಲಾಗುವುದಿಲ್ಲ. ಕಂಬಗಳ ಮೇಲಿನ ಒಂಟಿ ತಂತಿಯ ಮಾರ್ಗಗಳಲ್ಲಿ ಇದು ಸುಮಾರು 400 ಓಮ್, ನೆಲದಡಿಯ ಕೇಬಲುಗಳಲ್ಲಿ ಕೆಲವು ಹತ್ತು ಓಮ್, ಪ್ರಸಾರ ಕೇಂದ್ರಗಳ ಫೀಡರ್ ಕೇಬಲಿನಲ್ಲಿ ಸಾಮಾನ್ಯವಾಗಿ 50 ಓಮ್ ಇರುತ್ತದೆ.

ಮಾರ್ಗದ ತುದಿಯ ಲೋಡ್ ಇದಕ್ಕೆ ಸಮನಾಗಿದ್ದರೆ ಪ್ರತಿಫಲನವಿಲ್ಲ. ಸಮನಾಗಿಲ್ಲದಿದ್ದರೆ ಪ್ರತಿಫಲನ ಗುಣಾಂಕವನ್ನು ಹೀಗೆ ಕಂಡುಹಿಡಿಯುತ್ತಾರೆ: ಲೋಡಿನ ಇಂಪೀಡೆನ್ಸಿನಿಂದ ಮಾರ್ಗದ ಇಂಪೀಡೆನ್ಸನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಬೇಕು. 50 ಓಮ್ ಕೇಬಲಿಗೆ 150 ಓಮ್ ಲೋಡ್ ಜೋಡಿಸಿದರೆ ಗುಣಾಂಕ 100 ಭಾಗಿಸು 200, ಅಂದರೆ ಅರ್ಧ. ಇದು ವೋಲ್ಟೇಜಿನ ಲೆಕ್ಕ. ಸಾಮರ್ಥ್ಯವು, ಅಂದರೆ ಸೆಕೆಂಡಿಗೆ ಸಾಗುವ ಶಕ್ತಿಯು, ವೋಲ್ಟೇಜಿನ ವರ್ಗವನ್ನು ಅವಲಂಬಿಸುವುದರಿಂದ ಮುಮ್ಮುಖ ತರಂಗದ ಸಾಮರ್ಥ್ಯದಲ್ಲಿ ಕಾಲು ಭಾಗ ಮಾತ್ರ ಹಿಂದಿರುಗುತ್ತದೆ. ತೆರೆದ ತುದಿಯಲ್ಲಿ ಗುಣಾಂಕ 1 ಆಗಿ ವೋಲ್ಟೇಜ್ ಇಮ್ಮಡಿಯಾಗುತ್ತದೆ. ಶಾರ್ಟ್ ಆದ ತುದಿಯಲ್ಲಿ ಅದು ಋಣ 1 ಆಗಿ ವೋಲ್ಟೇಜ್ ಸೊನ್ನೆಯಾಗುತ್ತದೆ, ಪ್ರವಾಹ ಇಮ್ಮಡಿಯಾಗುತ್ತದೆ.

ವ್ಯತಿಕರಣ ಮತ್ತು ಸಾಮರ್ಥ್ಯ

ಎರಡು ತರಂಗಗಳು ಕೂಡಿದಾಗ ಸಾಮರ್ಥ್ಯಕ್ಕೆ ಏನಾಗುತ್ತದೆ ಎಂಬುದೇ ಈ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಪ್ರಶ್ನೆ. ಮಾರ್ಗದ ಯಾವುದೇ ಬಿಂದುವಿನಲ್ಲಿ ಒಟ್ಟು ವೋಲ್ಟೇಜ್ ಎರಡು ತರಂಗಗಳ ವೋಲ್ಟೇಜುಗಳ ಮೊತ್ತವಾಗಿರುತ್ತದೆ. ಆದರೆ ಪ್ರವಾಹಗಳು ಎದುರುಬದುರು ದಿಕ್ಕಿನವಾದ್ದರಿಂದ ಒಟ್ಟು ಪ್ರವಾಹವು ಅವುಗಳ ವ್ಯತ್ಯಾಸಕ್ಕೆ ಸಮ. ಸಾಮರ್ಥ್ಯವು ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧ. ಮೊತ್ತವನ್ನು ವ್ಯತ್ಯಾಸದಿಂದ ಗುಣಿಸಿದರೆ ವರ್ಗಗಳ ವ್ಯತ್ಯಾಸ ಬರುತ್ತದೆ ಎಂಬ ಪ್ರೌಢಶಾಲೆಯ ಬೀಜಗಣಿತವೇ ಇಲ್ಲಿ ಸಾಕು: ಸಾಗುವ ನಿವ್ವಳ ಸಾಮರ್ಥ್ಯ ಎಂದರೆ ಮುಮ್ಮುಖ ಸಾಮರ್ಥ್ಯದಿಂದ ಪ್ರತಿಫಲಿತ ಸಾಮರ್ಥ್ಯವನ್ನು ಕಳೆದು ಉಳಿದದ್ದು. ವ್ಯತಿಕರಣದಿಂದ ಹುಟ್ಟುವ ಪದಗಳು ಈ ಗುಣಾಕಾರದಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಮಾರ್ಗದಲ್ಲಿ ನಷ್ಟ ತೀರ ಕಡಿಮೆ ಇದ್ದು ಲಾಕ್ಷಣಿಕ ಇಂಪೀಡೆನ್ಸ್ ಶುದ್ಧ ರೋಧದಂತೆ ವರ್ತಿಸುವಾಗ ಈ ಸರಳ ಲೆಕ್ಕ ನಿಖರವಾಗಿರುತ್ತದೆ.

ಹಾಗಾದರೆ ಸ್ಥಾಯೀ ತರಂಗದ ಏರಿಳಿತ ಎಲ್ಲಿಂದ ಬಂತು? ವೋಲ್ಟೇಜ್ ಗರಿಷ್ಠವಾಗಿರುವಲ್ಲಿ ಪ್ರವಾಹ ಕನಿಷ್ಠವಾಗಿರುತ್ತದೆ, ಅಲ್ಲಿಂದ ಕಾಲು ತರಂಗದೂರ ಸರಿದರೆ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ವ್ಯತಿಕರಣವು ಶಕ್ತಿಯನ್ನು ಒಂದೆಡೆ ವಿದ್ಯುತ್ ಕ್ಷೇತ್ರದಲ್ಲಿ, ಇನ್ನೊಂದೆಡೆ ಕಾಂತಕ್ಷೇತ್ರದಲ್ಲಿ ಹೆಚ್ಚಾಗಿ ಕೂಡಿಡುತ್ತದೆಯೇ ಹೊರತು ಮಾರ್ಗದ ಮೂಲಕ ಸಾಗುವ ನಿವ್ವಳ ಸಾಮರ್ಥ್ಯವನ್ನು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಬದಲಿಸುವುದಿಲ್ಲ. ಮೇಲಿನ 150 ಓಮ್ ಉದಾಹರಣೆಯಲ್ಲಿ ಗರಿಷ್ಠ ವೋಲ್ಟೇಜ್ ಕನಿಷ್ಠದ ಮೂರು ಪಟ್ಟು ಇರುತ್ತದೆ. ಈ ಮೂರನ್ನು ಸ್ಥಾಯೀ ತರಂಗ ಅನುಪಾತ ಎಂದು ಕರೆಯುತ್ತಾರೆ.

ತೆರೆದ ತುದಿಯ ಮಾರ್ಗ ಇದರ ಪರಮಾವಧಿ. ತುದಿಯಲ್ಲಿ ವೋಲ್ಟೇಜ್ ಇಮ್ಮಡಿ, ಪ್ರವಾಹ ಸೊನ್ನೆ, ಆದ್ದರಿಂದ ಸಾಮರ್ಥ್ಯವೂ ಸೊನ್ನೆ. ಯಾವ ಕೆಲಸವೂ ನಡೆಯದ ಸ್ಥಳದಲ್ಲೇ ನಿರೋಧಕ ಹೊದಿಕೆಯ ಮೇಲೆ ಅತಿ ಹೆಚ್ಚು ಒತ್ತಡ ಬೀಳುತ್ತದೆ.

ಪ್ರತಿಫಲಿತ ಸಾಮರ್ಥ್ಯ ಎಲ್ಲಿಗೆ ಹೋಗುತ್ತದೆ

ಹಿಂದಿರುಗಿದ ತರಂಗದ ಗತಿ ಆಕರದ ಕಡೆಯ ಜೋಡಣೆಯನ್ನು ಅವಲಂಬಿಸುತ್ತದೆ. ಆಕರ ಮತ್ತು ಮಾರ್ಗದ ನಡುವೆ ಸರಿಹೊಂದಿಸುವ ಸಾಧನ, ಅಂದರೆ ಟ್ಯೂನರ್ ಇದ್ದರೆ ಅದು ಅಲ್ಲಿ ಮತ್ತೆ ಪ್ರತಿಫಲಿಸಿ ಲೋಡಿನತ್ತ ಹೊರಡುತ್ತದೆ. 100 ವ್ಯಾಟ್ ನೀಡುವ ಆಕರ, ನಷ್ಟವಿಲ್ಲದ ಕೇಬಲ್ ಮತ್ತು ಅನುಪಾತ 3 ಇರುವ ಲೋಡನ್ನು ತೆಗೆದುಕೊಂಡರೆ, ವ್ಯವಸ್ಥೆ ನೆಲೆಗೊಂಡ ಮೇಲೆ ಕೇಬಲಿನಲ್ಲಿ ಮುಮ್ಮುಖವಾಗಿ ಸುಮಾರು 133 ವ್ಯಾಟ್, ಹಿಮ್ಮುಖವಾಗಿ ಸುಮಾರು 33 ವ್ಯಾಟ್ ಇರುತ್ತದೆ. ಲೋಡಿಗೆ ಪೂರ್ತಿ 100 ವ್ಯಾಟ್ ತಲುಪುತ್ತದೆ. ಆಕರ ಕೊಡುವುದೇ 100 ವ್ಯಾಟ್ ಆಗಿರುವಾಗ 133 ಎಲ್ಲಿಂದ ಬಂತು ಎಂದು ಮೊದಲ ಸಲ ಮೀಟರ್ ನೋಡುವವರಿಗೆ ಅನಿಸುವುದು ಸಹಜ. ಹೆಚ್ಚುವರಿ 33 ವ್ಯಾಟ್ ಹೊಸ ಶಕ್ತಿಯಲ್ಲ. ಸ್ವಿಚ್ ಹಾಕಿದ ಮೊದಲ ಕ್ಷಣಗಳಲ್ಲಿ ಕೇಬಲಿನಲ್ಲಿ ತುಂಬಿಕೊಂಡ ಶಕ್ತಿಯೇ ಅತ್ತಿತ್ತ ಓಡಾಡುತ್ತಿರುತ್ತದೆ.

ನಿಜವಾದ ಕೇಬಲಿನಲ್ಲಿ ಪ್ರತಿ ಓಡಾಟಕ್ಕೂ ಸ್ವಲ್ಪ ಶಕ್ತಿ ಶಾಖವಾಗುತ್ತದೆ. ಸರಿಹೊಂದಿದ ಲೋಡ್ ಇರುವಾಗ 1 ಡೆಸಿಬೆಲ್ ನಷ್ಟವಿರುವ ಕೇಬಲಿನಲ್ಲಿ 100 ವ್ಯಾಟಿಗೆ 79 ವ್ಯಾಟ್ ತಲುಪಿದರೆ, ಲೋಡಿನ ಬಳಿ ಅನುಪಾತ 3 ಆದಾಗ ತಲುಪುವುದು ಸುಮಾರು 71 ವ್ಯಾಟ್. ಪ್ರತಿಫಲನದ ಶೇಕಡಾ 25 ಭಾಗವನ್ನು ನೇರವಾಗಿ ನಷ್ಟವೆಂದು ಬರೆದುಕೊಳ್ಳುವ ರೂಢಿ ಇದಕ್ಕಾಗಿಯೇ ತಪ್ಪು. ಟ್ಯೂನರ್ ಇಲ್ಲದ ಟ್ರಾನ್ಸ್‌ಮಿಟರಿನ ಉತ್ಪಾದನೆ ಇಂತಹ ಲೋಡಿನ ಎದುರು ಕುಗ್ಗುವುದುಂಟು. ಅದಕ್ಕೆ ಕಾರಣ ಟ್ರಾನ್ಸ್‌ಮಿಟರಿಗೆ ಕಾಣುವ ಇಂಪೀಡೆನ್ಸ್ ಬದಲಾಗುವುದು ಅಥವಾ ಅದರೊಳಗಿನ ರಕ್ಷಣಾ ಮಂಡಲ ತಾನೇ ಉತ್ಪಾದನೆಯನ್ನು ತಗ್ಗಿಸುವುದು.

ಕಾಲು ತರಂಗದ ಜೋಡಣೆ

ವ್ಯತಿಕರಣವನ್ನು ಉದ್ದೇಶಪೂರ್ವಕವಾಗಿ ಬಳಸಿ ಪ್ರತಿಫಲನವನ್ನು ಅಳಿಸಬಹುದು. 50 ಓಮ್ ಕೇಬಲನ್ನು 200 ಓಮ್ ಲೋಡಿಗೆ ಜೋಡಿಸಬೇಕಾದಾಗ ನಡುವೆ 100 ಓಮ್ ಇಂಪೀಡೆನ್ಸಿನ, ಕಾಲು ತರಂಗದೂರ ಉದ್ದದ ತುಂಡನ್ನು ಇಡುತ್ತಾರೆ. ಕೊಪ್ಪಳ ಸೀಮೆಯ ನೆರೆಯ ಹೊಸಪೇಟೆ ಆಕಾಶವಾಣಿಯ ಎಫ್‌.ಎಂ. ಪ್ರಸಾರದಂತೆ 100 ಮೆಗಾಹರ್ಟ್ಸ್ ಆಸುಪಾಸಿನ ಆವೃತ್ತಿಯಲ್ಲಿ ತರಂಗದೂರ ಗಾಳಿಯಲ್ಲಿ ಸುಮಾರು 3 ಮೀಟರು. ಬೆಳಕಿನ ವೇಗದ ಮೂರನೇ ಎರಡು ಭಾಗದಲ್ಲಿ ತರಂಗ ಸಾಗುವ ಕೇಬಲಿನಲ್ಲಿ ಅದು 2 ಮೀಟರಿಗೆ ಇಳಿಯುವುದರಿಂದ ಬೇಕಾದ ತುಂಡು ಕೇವಲ ಅರ್ಧ ಮೀಟರಿನದು.

ಈ ಏರ್ಪಾಟಿಗೆ 72 ವ್ಯಾಟ್ ಹರಿಸಿದರೆ ಲೆಕ್ಕ ಅಚ್ಚುಕಟ್ಟಾಗಿ ಕೂಡಿಬರುತ್ತದೆ. ಎರಡೂ ಸಂಧಿಗಳಲ್ಲಿ ಪ್ರತಿಫಲನ ಗುಣಾಂಕ ಮೂರನೇ ಒಂದು, ಅಂದರೆ ಸಾಮರ್ಥ್ಯದ ಒಂಬತ್ತನೇ ಒಂದು ಭಾಗ ಹಿಂದಿರುಗಬೇಕು. ಮೊದಲ ಸಂಧಿಯಲ್ಲಿ 72ರಲ್ಲಿ 8 ವ್ಯಾಟ್ ಹಿಂದಕ್ಕೆ, 64 ವ್ಯಾಟ್ ಮುಂದಕ್ಕೆ ಹೋಗಬೇಕು. ನಡುವಿನ ತುಂಡಿನೊಳಗೆ ಲೋಡಿನ ಕಡೆಯಿಂದ 9 ವ್ಯಾಟ್ ಹಿಂದಿರುಗುತ್ತಿದ್ದು, ಅದರಲ್ಲಿ 8 ವ್ಯಾಟ್ ಸಂಧಿಯನ್ನು ದಾಟಿ ಹಿಂದಕ್ಕೆ, 1 ವ್ಯಾಟ್ ಮತ್ತೆ ಮುಂದಕ್ಕೆ ತಿರುಗುತ್ತದೆ. ಹಿಂದಕ್ಕೆ ಹೊರಡುವ ಈ ಎರಡು 8 ವ್ಯಾಟ್ ತರಂಗಗಳು ಎತ್ತರದಲ್ಲಿ ಸಮ, ಏರಿಳಿತದಲ್ಲಿ ತದ್ವಿರುದ್ಧ. ಅವು ಒಂದನ್ನೊಂದು ಪೂರ್ತಿ ಅಳಿಸುತ್ತವೆ. ಅವುಗಳ 16 ವ್ಯಾಟ್ ಮಾಯವಾಗಲಿಲ್ಲ. ಅದೇ ಕ್ಷಣದಲ್ಲಿ ಮುಂದಕ್ಕೆ ಹೊರಡುವ 64 ಮತ್ತು 1 ವ್ಯಾಟಿನ ತರಂಗಗಳು ಒಂದೇ ತಾಳದಲ್ಲಿ ಕೂಡಿ 65ರ ಬದಲು 81 ವ್ಯಾಟ್ ಆಗುತ್ತವೆ. ಹೆಚ್ಚಳ ಸರಿಯಾಗಿ 16. ಆ 81ರಲ್ಲಿ 9 ವ್ಯಾಟ್ ಲೋಡಿನಿಂದ ಹಿಂದಿರುಗಿ, 72 ವ್ಯಾಟ್ ಲೋಡಿಗೆ ಸೇರುತ್ತದೆ. ಒಂದು ದಿಕ್ಕಿನಲ್ಲಿ ಅಳಿಸುವ ವ್ಯತಿಕರಣ ನಡೆದರೆ ಇನ್ನೊಂದು ದಿಕ್ಕಿನಲ್ಲಿ ಬಲಪಡಿಸುವ ವ್ಯತಿಕರಣ ನಡೆಯಲೇಬೇಕು. ಕನ್ನಡಕ ಮತ್ತು ಕ್ಯಾಮೆರಾ ಮಸೂರಗಳ ಹೊಳಪು ತಗ್ಗಿಸುವ ತೆಳುಲೇಪನದಲ್ಲಿ ಕೆಲಸ ಮಾಡುವುದೂ ಇದೇ ತತ್ತ್ವ.

50 ಹರ್ಟ್ಸ್ ವಿದ್ಯುತ್ ಜಾಲದಲ್ಲಿ

ಭಾರತದ ವಿದ್ಯುತ್ ಜಾಲದ ಆವೃತ್ತಿ 50 ಹರ್ಟ್ಸ್ ಆಗಿದ್ದು ಅದರ ತರಂಗದೂರ ಸುಮಾರು 6,000 ಕಿ.ಮೀ. ಕೊಪ್ಪಳದಿಂದ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳು ನೇರ ಅಂತರದಲ್ಲಿ 50 ಕಿ.ಮೀ. ಒಳಗೇ ಇವೆ. ಅಂದರೆ ತರಂಗದೂರದ ಶೇಕಡಾ 1ಕ್ಕಿಂತ ಕಡಿಮೆ. 50 ಕಿ.ಮೀ. ಮಾರ್ಗದ ದೂರದ ತುದಿ ತೆರೆದಿದ್ದರೂ ಪ್ರತಿಫಲನದಿಂದ ವೋಲ್ಟೇಜ್ ಏರುವುದು ಶೇಕಡಾ 0.14ರಷ್ಟು ಮಾತ್ರ. ಹಳ್ಳಿಗಳ ತುದಿಯ ಮನೆಗಳಲ್ಲಿ ಕಾಣುವ ಮಂದ ಬೆಳಕಿಗೆ ಪ್ರತಿಫಲನ ಕಾರಣವಲ್ಲ. ತಂತಿಯ ರೋಧ, ಅದರ ಪ್ರೇರಕತೆ ಮತ್ತು ಫೀಡರಿನ ಮೇಲಿನ ಹೊರೆ ಅದಕ್ಕೆ ಕಾರಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಒಯ್ದ ಮಾರ್ಗ ಆ ಕಾಲಕ್ಕೆ ಅಸಾಧಾರಣ ಉದ್ದದ್ದೆನಿಸಿದರೂ ತರಂಗದ ಲೆಕ್ಕದಲ್ಲಿ ಅದೂ ಚಿಕ್ಕದೇ.

ಉದ್ದ ಹೆಚ್ಚಿದಂತೆ ಚಿತ್ರ ಬದಲಾಗುತ್ತದೆ. 400 ಕಿ.ಮೀ. ಉದ್ದದ, ಲೋಡಿಲ್ಲದ ಮಾರ್ಗದ ತುದಿಯಲ್ಲಿ ವೋಲ್ಟೇಜ್ ಆಕರಕ್ಕಿಂತ ಶೇಕಡಾ 9ಕ್ಕೂ ಹೆಚ್ಚು ಏರಬಹುದು. ಇದನ್ನು ಫೆರಾಂಟಿ ಪರಿಣಾಮ ಎನ್ನುತ್ತಾರೆ. ರಾತ್ರಿ ಬೇಡಿಕೆ ತಗ್ಗಿದಾಗ ಅತ್ಯುಚ್ಚ ವೋಲ್ಟೇಜಿನ ಕೇಂದ್ರಗಳಲ್ಲಿ ರಿಯಾಕ್ಟರುಗಳನ್ನು ಜೋಡಿಸುವುದು ಈ ಏರಿಕೆಯನ್ನು ತಡೆಯುವುದಕ್ಕಾಗಿ.

ಮಾರ್ಗವು ಪ್ರತಿಫಲನವೇ ಇಲ್ಲದೆ ಒಯ್ಯಬಲ್ಲ ಸಾಮರ್ಥ್ಯವನ್ನು ಸರ್ಜ್ ಇಂಪೀಡೆನ್ಸ್ ಲೋಡಿಂಗ್ ಎಂದು ಕರೆಯುತ್ತಾರೆ. ವೋಲ್ಟೇಜಿನ ವರ್ಗವನ್ನು ಲಾಕ್ಷಣಿಕ ಇಂಪೀಡೆನ್ಸಿನಿಂದ ಭಾಗಿಸಿದರೆ ಇದು ದೊರೆಯುತ್ತದೆ. 400 ಓಮ್ ಎಂದಿಟ್ಟುಕೊಂಡರೆ 110 ಕಿಲೋವೋಲ್ಟ್ ಮಾರ್ಗಕ್ಕೆ ಸುಮಾರು 30 ಮೆಗಾವ್ಯಾಟ್, 220 ಕಿಲೋವೋಲ್ಟ್ ಮಾರ್ಗಕ್ಕೆ 121 ಮೆಗಾವ್ಯಾಟ್ ಬರುತ್ತದೆ. ತುಂಗಭದ್ರಾ ಅಣೆಕಟ್ಟಿನ ಎಡದಂಡೆಯಲ್ಲಿರುವ ಮುನಿರಾಬಾದ್ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 28 ಮೆಗಾವ್ಯಾಟ್. ಅದರ ಪೂರ್ಣ ಉತ್ಪಾದನೆಯನ್ನು ಒಂದೇ 110 ಕಿಲೋವೋಲ್ಟ್ ಮಾರ್ಗದಲ್ಲಿ ಹರಿಸಿದರೆ ಆ ಮಾರ್ಗ ಹೆಚ್ಚುಕಡಿಮೆ ಪ್ರತಿಫಲನವಿಲ್ಲದ ಸ್ಥಿತಿಯಲ್ಲಿ ನಡೆಯುತ್ತದೆ. ಇದಕ್ಕಿಂತ ಹೆಚ್ಚು ಹೊರೆ ಹಾಕಿದರೆ ತುದಿಯ ವೋಲ್ಟೇಜ್ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ.

ಸಿಡಿಲಿನ ಸರ್ಜ್

ಸಿಡಿಲು ಬಡಿದಾಗ ವೋಲ್ಟೇಜ್ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಏರಿಬಿಡುತ್ತದೆ. ಆ ಅವಧಿಯಲ್ಲಿ ತರಂಗ ಸಾಗುವುದು ಒಂದೆರಡು ಕಿಲೋಮೀಟರು ಮಾತ್ರವಾದ್ದರಿಂದ 50 ಹರ್ಟ್ಸ್‌ಗೆ ಚಿಕ್ಕದಾಗಿದ್ದ ಮಾರ್ಗ ಸರ್ಜಿನ ಪಾಲಿಗೆ ಬಹಳ ಉದ್ದದ್ದಾಗುತ್ತದೆ. 11 ಕಿಲೋವೋಲ್ಟ್ ಫೀಡರಿನ ಕೊನೆಯ ಟ್ರಾನ್ಸ್‌ಫಾರ್ಮರ್, ಅಂದರೆ ರೈತರ ಮಾತಿನ ಟಿ.ಸಿ., ಸರ್ಜಿನ ಮೊದಲ ಕ್ಷಣಗಳಲ್ಲಿ ತೆರೆದ ತುದಿಯಂತೆ ವರ್ತಿಸುತ್ತದೆ. ಬಂದ ವೋಲ್ಟೇಜ್ ಅಲ್ಲಿ ಇಮ್ಮಡಿಯಾಗುವತ್ತ ಏರುತ್ತದೆ.

ಇದನ್ನು ತಡೆಯುವ ಲೈಟ್ನಿಂಗ್ ಅರೆಸ್ಟರನ್ನು ಎಲ್ಲಿ ಕೂರಿಸುತ್ತಾರೆ ಎಂಬುದು ಅದರ ಗುಣಮಟ್ಟದಷ್ಟೇ ಮುಖ್ಯ. ಮೈಕ್ರೋಸೆಕೆಂಡಿಗೆ 500 ಕಿಲೋವೋಲ್ಟ್ ದರದಲ್ಲಿ ಏರುವ ಸರ್ಜ್ ಬಂದಾಗ, ಅರೆಸ್ಟರು ಟ್ರಾನ್ಸ್‌ಫಾರ್ಮರಿನಿಂದ 15 ಮೀಟರು ದೂರದಲ್ಲಿದ್ದರೆ ತರಂಗ ಹೋಗಿ ಬರಲು 0.1 ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರಿನ ಬಳಿ ವೋಲ್ಟೇಜ್ ಅರೆಸ್ಟರು ತಡೆಹಿಡಿದ ಮಟ್ಟಕ್ಕಿಂತ 50 ಕಿಲೋವೋಲ್ಟಿನವರೆಗೆ ಮೇಲೇರಬಹುದು. ಅರೆಸ್ಟರನ್ನು ಟ್ಯಾಂಕಿಗೆ ಆದಷ್ಟು ಹತ್ತಿರ, ಗಿಡ್ಡ ತಂತಿಯಿಂದ ಜೋಡಿಸಿ, ಅದರ ಭೂಸಂಪರ್ಕವನ್ನು ಟ್ಯಾಂಕಿನ ಭೂಸಂಪರ್ಕಕ್ಕೆ ಕೂಡಿಸಬೇಕೆಂಬ ನಿಯಮದ ಹಿಂದಿನ ಕಾರಣ ಇದೇ.

ಮಾರ್ಗವು ಎರಡಾಗಿ ಕವಲೊಡೆಯುವಲ್ಲಿ ಸರ್ಜು ಕುಗ್ಗುತ್ತದೆ. ಮೂರೂ ತಂತಿಗಳ ಇಂಪೀಡೆನ್ಸ್ ಸಮನಿದ್ದರೆ ಸಾಮರ್ಥ್ಯದ ಒಂಬತ್ತನೇ ಒಂದು ಭಾಗ ಹಿಂದಿರುಗಿ, ಪ್ರತಿ ಕವಲಿಗೆ ಒಂಬತ್ತನೇ ನಾಲ್ಕು ಭಾಗ ಹೋಗುತ್ತದೆ, ವೋಲ್ಟೇಜ್ ಮೂರನೇ ಎರಡಕ್ಕೆ ಇಳಿಯುತ್ತದೆ. 400 ಓಮ್ ತಂತಿಯಿಂದ 40 ಓಮ್ ನೆಲದಡಿಯ ಕೇಬಲಿಗೆ ಹೊಕ್ಕಾಗಲಂತೂ ಮೊದಲು ಶೇಕಡಾ 18ರಷ್ಟು ವೋಲ್ಟೇಜ್ ಮಾತ್ರ ಒಳಹೋಗುತ್ತದೆ. ಆದರೆ ಕೇಬಲಿನ ಆಚೆ ತುದಿ ತೆರೆದಿದ್ದರೆ ತರಂಗವು ಎರಡು ತುದಿಗಳ ನಡುವೆ ಪುಟಿಯುತ್ತಾ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಂತಹ ಪುಟಿತಗಳನ್ನು ಲೆಕ್ಕಹಾಕಲು ಎಲ್‌. ವಿ. ಬ್ಯೂಲಿ ರೂಪಿಸಿದ ಜಾಲರಿ ಚಿತ್ರವನ್ನು ಇಂದಿಗೂ ಎಂಜಿನಿಯರಿಂಗ್ ತರಗತಿಗಳಲ್ಲಿ ಕಲಿಸುತ್ತಾರೆ. ಅವರ ಗ್ರಂಥ 1933ರಲ್ಲಿ ಪ್ರಕಟವಾಯಿತು.

ಕೊಳವೆ ಬಾವಿಯ ಮೋಟಾರುಗಳಲ್ಲಿ

ಗಂಗಾವತಿಯ ಭತ್ತದ ಗದ್ದೆಗಳಿಗೆ ಕಾಲುವೆಯ ನೀರಿದೆ. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಲ್ಲಿ ಬೇಸಾಯ ಕೊಳವೆ ಬಾವಿಯನ್ನು ನೆಚ್ಚಿಕೊಂಡಿದೆ. ಸೌರ ಪಂಪುಗಳ ನಿಯಂತ್ರಕಗಳೂ ಮೋಟಾರಿನ ವೇಗ ಬದಲಿಸುವ ಡ್ರೈವುಗಳೂ ವೋಲ್ಟೇಜನ್ನು ನುಣುಪಾದ ಏರಿಳಿತವಾಗಿ ಕೊಡುವುದಿಲ್ಲ. ಸೆಕೆಂಡಿಗೆ ಸಾವಿರಾರು ಚೌಕಾಕಾರದ ಮಿಡಿತಗಳಾಗಿ ಕೊಡುತ್ತವೆ. ಪ್ರತಿ ಮಿಡಿತ 0.1 ಮೈಕ್ರೋಸೆಕೆಂಡಿನಷ್ಟು ಅಲ್ಪ ಅವಧಿಯಲ್ಲಿ ಏರಬಲ್ಲದು. ಮೇಲಿನ ನಿಯಂತ್ರಕದಿಂದ ಕೆಳಗಿನ ಸಬ್‌ಮರ್ಸಿಬಲ್ ಮೋಟಾರಿಗೆ 150 ಮೀಟರು ಕೇಬಲ್ ಇದ್ದರೆ, ಬೆಳಕಿನ ಅರ್ಧ ವೇಗದಲ್ಲಿ ಮಿಡಿತ ಕೆಳಗಿಳಿಯಲು 1 ಮೈಕ್ರೋಸೆಕೆಂಡು ಬೇಕು. ಮೋಟಾರಿನ ಸರ್ಜ್ ಇಂಪೀಡೆನ್ಸ್ ಕೇಬಲಿನದಕ್ಕಿಂತ ಬಹುಪಟ್ಟು ಹೆಚ್ಚಿರುವುದರಿಂದ ಅದು ತೆರೆದ ತುದಿಯಂತೆ ಮಿಡಿತವನ್ನು ಪ್ರತಿಫಲಿಸುತ್ತದೆ.

415 ವೋಲ್ಟ್ ಪೂರೈಕೆಯನ್ನು ನೇರಗೊಳಿಸಿದಾಗ ಡ್ರೈವಿನೊಳಗಿನ ವೋಲ್ಟೇಜ್ ಸುಮಾರು 590 ಆಗುತ್ತದೆ. ಪ್ರತಿಫಲನದಿಂದ ಮೋಟಾರಿನ ತುದಿಯಲ್ಲಿ ಇದು 1,100 ವೋಲ್ಟಿಗೂ ಮೇಲೆ ಹೋಗಬಹುದು. ಈ ಒತ್ತಡದ ಬಹುಪಾಲು ಸುರುಳಿಯ ಮೊದಲ ಕೆಲವು ಸುತ್ತುಗಳ ಮೇಲೆ ಬೀಳುತ್ತದೆ. ಪ್ರತಿಫಲಿತ ತರಂಗದಲ್ಲಿರುವ ಸರಾಸರಿ ಸಾಮರ್ಥ್ಯ ತೀರ ಅಲ್ಪ. ಪಂಪು ಎತ್ತುವ ನೀರಿನಲ್ಲಿ ವ್ಯತ್ಯಾಸವೇ ಕಾಣದು. ಆದರೂ ಸುತ್ತುಗಳ ನಡುವಿನ ನಿರೋಧಕ ಹೊದಿಕೆ ಕ್ರಮೇಣ ಸವೆದು ಮೋಟಾರು ಸುಟ್ಟುಹೋಗಬಹುದು. ಆಗ ಪೈಪಿನ ಸಮೇತ ಮೋಟಾರನ್ನು ಮೇಲೆತ್ತಿ, ಸುರುಳಿ ಮತ್ತೆ ಕಟ್ಟಿಸಿ, ಪುನಃ ಇಳಿಸಬೇಕು. ಆ ಖರ್ಚಿನ ಜೊತೆಗೆ ನೀರಿಲ್ಲದ ದಿನಗಳೂ ಬೆಳೆಯ ಲೆಕ್ಕಕ್ಕೆ ಸೇರುತ್ತವೆ.

ಪರಿಹಾರಗಳು ಪ್ರತಿಫಲನದ ತತ್ತ್ವದಿಂದಲೇ ಹುಟ್ಟಿದವು. ನಿಯಂತ್ರಕದ ಹೊರದಾರಿಯಲ್ಲಿ ಸೈನ್ ತರಂಗ ಫಿಲ್ಟರನ್ನು ಇಟ್ಟರೆ ಚೌಕಾಕಾರದ ಮಿಡಿತ ನುಣುಪಾಗಿ, ಕೇಬಲ್ ಎಷ್ಟೇ ಉದ್ದವಿದ್ದರೂ ಇಮ್ಮಡಿಯಾಗುವ ಪ್ರಶ್ನೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಏರಿಕೆಯ ವೇಗವನ್ನಷ್ಟೇ ತಗ್ಗಿಸುವ ಅಗ್ಗದ ಫಿಲ್ಟರುಗಳು ಮಧ್ಯಮ ಉದ್ದಕ್ಕೆ ಸಾಕಾಗುತ್ತವೆ. ಡ್ರೈವಿಗೆಂದೇ ತಯಾರಿಸಿದ, ಗಟ್ಟಿ ಹೊದಿಕೆಯ ಸುರುಳಿಯಿರುವ ಮೋಟಾರನ್ನು ಆರಿಸುವುದು ಇನ್ನೊಂದು ದಾರಿ. ಡ್ರೈವಿನ ಮಿಡಿತಗಳ ಸಂಖ್ಯೆಯನ್ನು ತಗ್ಗಿಸಿದರೆ ವೋಲ್ಟೇಜಿನ ಎತ್ತರ ಇಳಿಯುವುದಿಲ್ಲ, ಹೊಡೆತಗಳ ಲೆಕ್ಕ ಮಾತ್ರ ಇಳಿಯುತ್ತದೆ.

ಉಪಯೋಗಗಳು

ಪ್ರತಿಫಲನವು ದೋಷ ಪತ್ತೆಗೆ ನೆರವಾಗುತ್ತದೆ. ನೆಲದಡಿಯ ಕೇಬಲಿಗೆ ಒಂದು ಮಿಡಿತ ಕಳಿಸಿ ಅದು ಹಿಂದಿರುಗಲು ತೆಗೆದುಕೊಂಡ ಸಮಯದಿಂದ ತುಂಡಾದ ಸ್ಥಳವನ್ನು ಗುರುತಿಸುತ್ತಾರೆ. ಕಂಬದ ಮೇಲಿನ ಉದ್ದದ ಮಾರ್ಗಗಳಲ್ಲಿ ದೋಷವೇ ಹುಟ್ಟಿಸುವ ತರಂಗ ಎರಡೂ ತುದಿಗಳನ್ನು ತಲುಪುವ ಹೊತ್ತನ್ನು ಹೋಲಿಸುತ್ತಾರೆ. 50 ಕಿ.ಮೀ. ಮಾರ್ಗದಲ್ಲಿ ಈ ವ್ಯತ್ಯಾಸ 60 ಮೈಕ್ರೋಸೆಕೆಂಡು ಇದ್ದರೆ ದೋಷವು ಮೊದಲು ತರಂಗ ತಲುಪಿದ ತುದಿಯಿಂದ 16 ಕಿ.ಮೀ. ದೂರದಲ್ಲಿರುತ್ತದೆ.

ಉಚ್ಚ ವೋಲ್ಟೇಜಿನ ತಂತಿಗಳ ಮೇಲೆಯೇ ಸಂದೇಶ ಕಳಿಸುವ ಪವರ್ ಲೈನ್ ಕ್ಯಾರಿಯರ್ ಪದ್ಧತಿಯಲ್ಲಿ ಪ್ರತಿಫಲನ ತೊಡಕಾಗುತ್ತದೆ. 150 ಕಿಲೋಹರ್ಟ್ಸ್ ಸಂಕೇತದ ತರಂಗದೂರ 2 ಕಿ.ಮೀ. ಆದ್ದರಿಂದ ಮುಖ್ಯ ಮಾರ್ಗದಿಂದ ಕವಲೊಡೆದು ತುದಿ ತೆರೆದಿರುವ 500 ಮೀಟರಿನ ತಂತಿ ಆ ಸಂಕೇತಕ್ಕೆ ಶಾರ್ಟ್ ಆದಂತೆ ಕಂಡು ಅದನ್ನು ನುಂಗಿಹಾಕಬಲ್ಲದು, 50 ಹರ್ಟ್ಸ್ ವಿದ್ಯುತ್ತಿಗೆ ಅದರ ಸುಳಿವೂ ಹತ್ತುವುದಿಲ್ಲ. ಉಪಕೇಂದ್ರಗಳಲ್ಲಿ ಮಾರ್ಗದ ತುದಿಗೆ ತೂಗುಹಾಕಿರುವ ದೊಡ್ಡ ಸುರುಳಿಗಳಾದ ವೇವ್ ಟ್ರ್ಯಾಪುಗಳು ಈ ಸಂಕೇತ ಉಪಕೇಂದ್ರದ ಸಲಕರಣೆಗಳೊಳಗೆ ಸೋರಿಹೋಗದಂತೆ ತಡೆದು, ವಿದ್ಯುತ್ತನ್ನು ಮಾತ್ರ ಒಳಬಿಡುತ್ತವೆ.